ಮೇಜು ಹೇಳಿಕೊಟ್ಟ ಮಟ್ಟ

ಅಕ್ಕನಿಗೆ ಹೆದರಲು ಕಾರಣ ಬೇಕಿರಲಿಲ್ಲ. ಲಿಫ್ಟು ಹತ್ತಲಾರಳು, ಏಣಿ ಏರಲಾರಳು, ಹಲ್ಲಿ ಕಂಡರೆ ಇಡೀ ಕೋಣೆಯನ್ನು ಅದಕ್ಕೇ ಬಿಟ್ಟುಕೊಟ್ಟು ಹೊರಗೆ ನಿಲ್ಲುವವಳು. ವಯಸ್ಸು ನಲವತ್ತಾರು ದಾಟಿತ್ತು. ಕಟ್ಟಡದವರೆಲ್ಲ ಅವಳನ್ನು ಪುಕ್ಕಲಕ್ಕ ಎಂದೇ ಕರೆಯುತ್ತಿದ್ದರು. ಬೆನ್ನ ಹಿಂದೆ ಅಲ್ಲ, ಎದುರಿಗೇ. ಅವಳೂ ಹೂಂ ಎಂದು ಓಗೊಡುತ್ತಿದ್ದಳು. ಇದ್ದದ್ದನ್ನು ಇದ್ದ ಹಾಗೆ ಹೇಳಿದರೆ ಸಿಟ್ಟು ಮಾಡಿಕೊಳ್ಳುವ ಜಾತಿಯಲ್ಲ ಅವಳದು.

ಅವಳ ಕಸುಬು ಫೋಟೋ ತೆಗೆಯುವುದು. ಮದುವೆ, ಮುಂಜಿ, ಮಕ್ಕಳು ಮರಿ ಯಾವುದೂ ಬೇಡ. ಮನುಷ್ಯರು ಅಲುಗಾಡುತ್ತಾರೆ, ಆಮೇಲೆ ನಾನು ಹೀಗಿಲ್ಲ ಎಂದು ಜಗಳಕ್ಕೆ ಬರುತ್ತಾರೆ. ಅವಳು ತೆಗೆಯುತ್ತಿದ್ದದ್ದು ಚಪ್ಪಲಿ, ಚೀಲ, ಟೇಬಲ್ ಲ್ಯಾಂಪು, ಕನ್ನಡಕದ ಚೌಕಟ್ಟು, ಹೀಗೆ ಅಂಗಡಿಯವರು ಮಾರುವ ವಸ್ತುಗಳನ್ನು. ಕಟ್ಟಡದ ಮೂರನೆಯ ಮಹಡಿಯಲ್ಲಿ ಅವಳ ಕೋಣೆ. ಅದರ ಕೆಳಗೆ, ಎರಡನೆಯ ಮಹಡಿಯಲ್ಲಿ, ಸಿದ್ಧ ಉಡುಪು ಹೊಲಿಯುವ ಕಾರ್ಖಾನೆ. ಅಲ್ಲಿ ನಲವತ್ತು ಹೆಂಗಸರು ಮಿಷನ್ನಿನ ಮುಂದೆ ಕೂತಿರುತ್ತಿದ್ದರು. ಅವರೆಲ್ಲರ ಮೇಲ್ವಿಚಾರಕಿ ಅಕ್ಕನ ಒಡಹುಟ್ಟಿದ ತಂಗಿ. ಮೊದಲನೆಯ ಮಹಡಿಗೆ ಬೀಗ. ನೆಲದ ಮಟ್ಟದಲ್ಲಿ ಹಳೆ ಕಾಗದದ ಗೋದಾಮು, ಅದರ ಬಾಗಿಲಲ್ಲಿ ಒಬ್ಬ ಕಾವಲುಗಾರ.

ಈ ಕಥೆ ಹುಟ್ಟಿದ್ದು ಅಕ್ಕನ ಕ್ಯಾಮೆರಾದ ಹಿಂದಿನ ಪರದೆಯಲ್ಲಿ. ಅದರಲ್ಲಿ ಒಂದು ಗೆರೆ ಮೂಡುತ್ತಿತ್ತು. ಕ್ಯಾಮೆರಾ ಒಂಚೂರು ಓರೆಯಾದರೂ ಗೆರೆ ಹಳದಿ, ಸಮವಾಗಿದ್ದರೆ ಹಸಿರು. ಬಿಸಿಲಲ್ಲಿ ಪರದೆ ಕಾಣದಿದ್ದಾಗ ವ್ಯೂಫೈಂಡರಿನ ಪುಟ್ಟ ಕಿಂಡಿಗೆ ಕಣ್ಣಿಟ್ಟರೆ ಅಲ್ಲೂ ಅದೇ ಗೆರೆ. ಅಕ್ಕನಿಗೆ ತನ್ನ ಕಣ್ಣಿನ ಮೇಲೆ ಯಾವತ್ತೂ ಭರವಸೆ ಇರಲಿಲ್ಲ. ಕಣ್ಣಿಗೆ ಸೊಟ್ಟ ಅನ್ನಿಸಿದರೂ ಸರಿಯೇ, ಗೆರೆ ಹಸಿರಾದರೆ ಗುಂಡಿ ಒತ್ತುವುದು ಅವಳ ಪದ್ಧತಿ.

ಆದರೆ ಕ್ಯಾಮೆರಾ ಹೊಸದಲ್ಲ. ಮಾರಿದವನು ಆಗಲೇ ಹೇಳಿದ್ದ, ಇದರ ಮಟ್ಟ ಆಗಾಗ ತಪ್ಪುತ್ತೆ, ವಾರಕ್ಕೊಮ್ಮೆ ಸಮತಟ್ಟಾದ ಕಡೆ ಇಟ್ಟು ಸರಿಮಾಡಿಕೊಳ್ಳಿ ಅಂತ. ಅಕ್ಕ ಚಾಚೂ ತಪ್ಪದೆ ಪ್ರತಿ ಸೋಮವಾರ ಬೆಳಗ್ಗೆ ಕ್ಯಾಮೆರಾವನ್ನು ತನ್ನ ಕೋಣೆಯ ಕಲ್ಲು ಹಾಸಿನ ಮೇಜಿನ ಮೇಲೆ ಕೂರಿಸಿ, ಪರದೆಯಲ್ಲಿ ಪಟ್ಟಿ ತೆರೆದು, 'ಇದೇ ಸಮ' ಎಂದು ಅದಕ್ಕೆ ತಿಳಿಯುವಂತೆ ಗುಂಡಿ ಒತ್ತುತ್ತಿದ್ದಳು. ಆ ಮೇಜನ್ನು ಕೂರಿಸುವಾಗ ಬಡಗಿ ರಸಮಟ್ಟ ಇಟ್ಟು ನಾಲ್ಕೂ ಕಾಲು ತೀಡಿ ಕೂರಿಸಿದ್ದ. ಅದಕ್ಕಿಂತ ಸಮವಾದ ಜಾಗ ಅವಳ ಪಾಲಿಗೆ ಭೂಮಿಯ ಮೇಲೆ ಇನ್ನೊಂದಿರಲಿಲ್ಲ.

ಐದು ವಾರದ ಕೆಳಗೆ ಒಂದು ವಸತಿಗೃಹದವರು ತಮ್ಮ ಕೋಣೆಗಳ ಫೋಟೋ ತೆಗೆಸಿದರು. ಎಲ್ಲ ಚೆನ್ನಾಗಿದೆ, ಮಂಚ ಮಾತ್ರ ಒಂಚೂರು ವಾಲಿದ ಹಾಗಿದೆ ಎಂದರು. ಅದಾದ ಮೇಲೆ ಕನ್ನಡಕದ ಅಂಗಡಿಯವನು ಫೋನು ಮಾಡಿದ, "ಮೇಡಂ, ನಮ್ಮ ಕಪಾಟೆಲ್ಲ ಬಲಗಡೆ ಇಳೀತಾ ಇದೆ." ಮೊನ್ನೆ ಒಂದು ಪೀಠೋಪಕರಣದ ಅಂಗಡಿಯಾಕೆಯಂತೂ ನಕ್ಕೇಬಿಟ್ಟಳು. "ಫೋಟೋ ನೋಡಿದ್ರೆ ಸೋಫಾದಲ್ಲಿ ಕೂತೋರು ಜಾರಿ ಬೀದಿಗೆ ಬೀಳ್ತಾರೆ ಕಣ್ರೀ!"

ಅಕ್ಕ ಆಣೆ ಇಟ್ಟು ಹೇಳಿದಳು, ಗೆರೆ ಹಸಿರಾಗಿತ್ತು ಅಂತ. ಯಾರು ಕೇಳುತ್ತಾರೆ? ತಮಾಷೆ ಎಂದರೆ ತನ್ನ ಕೋಣೆಯಲ್ಲಿ ತೆಗೆದ ಫೋಟೋಗಳಲ್ಲಿ ಕೂದಲೆಳೆಯಷ್ಟೂ ತಪ್ಪಿರಲಿಲ್ಲ. ಹೊರಗೆ ಹೋದರೆ ಮಾತ್ರ ಕ್ಯಾಮೆರಾ ಬುದ್ಧಿ ತೋರಿಸುತ್ತಿತ್ತು. ಒಂದು ತಿಂಗಳು ಅಕ್ಕ ಕಂಡಕಂಡವರ ಮುಂದೆಲ್ಲ ಕ್ಯಾಮೆರಾವನ್ನು ಬೈದಳು. ಕೊನೆಗೆ ಆ ಶುಕ್ರವಾರ ಅದನ್ನು ಬಗಲಿಗೆ ಹಾಕಿಕೊಂಡು ರಿಪೇರಿಯ ಮುದುಕನ ಅಂಗಡಿಗೆ ಹೋದಳು.

ಮುದುಕ ಕ್ಯಾಮೆರಾವನ್ನು ತನ್ನ ಮೇಜಿನ ಮೇಲಿಟ್ಟು ಪರದೆ ಬೆಳಗಿಸಿದ. ಗೆರೆ ಹಳದಿಯಾಗಿ ಒಂದು ಕಡೆ ಬಾಗಿ ನಿಂತಿತು. ಪಕ್ಕದಲ್ಲಿ ರಸಮಟ್ಟ ಇಟ್ಟ. ಅದರ ಗುಳ್ಳೆ ನಟ್ಟನಡುವೆ ಕೂತಿತು.

"ಇದಕ್ಕೆ ಮಟ್ಟ ಹೇಳಿಕೊಟ್ಟಿದ್ದು ಯಾವಾಗಮ್ಮ?"

"ಸೋಮವಾರ. ಪ್ರತಿ ಸೋಮವಾರ ಮಾಡ್ತೀನಿ ಮಾಮ, ಒಂದು ವಾರಾನೂ ತಪ್ಪಿಸಿಲ್ಲ."

"ಎಲ್ಲಿಟ್ಟು?"

"ನನ್ನ ಮೇಜಿನ ಮೇಲೆ. ಕಲ್ಲಿನದು."

ಮುದುಕ ತನ್ನ ಮೇಜಿನ ಮೇಲೇ ಮಟ್ಟ ಸರಿಮಾಡಿದ. ಗೆರೆ ಹಸಿರಾಯಿತು. ಅಂಗಡಿಯ ಹೊಸ್ತಿಲ ಮೇಲಿಟ್ಟ, ಹಸಿರು. ಎದುರಿನ ಬ್ಯಾಂಕಿನ ಮೆಟ್ಟಿಲ ಮೇಲೆ ಇಟ್ಟು ಬಂದ, ಅಲ್ಲೂ ಹಸಿರು. "ಕ್ಯಾಮೆರಾಕ್ಕೆ ಏನೂ ಆಗಿಲ್ಲ. ನೀನು ಹೇಳಿಕೊಟ್ಟಿದ್ದನ್ನ ಶ್ರದ್ಧೆಯಿಂದ ಕಲ್ತಿದೆ, ಅಷ್ಟೇ. ನಿನ್ನ ಮೇಜೇ ಸೊಟ್ಟ. ಕಾಲಿಗೆ ಏನಾದ್ರೂ ಕೊಟ್ಟು ಎತ್ತರಿಸ್ಕೋ ಹೋಗು" ಎಂದು ಕ್ಯಾಮೆರಾ ಕೈಗೆ ಕೊಟ್ಟ.

ಅಕ್ಕನಿಗೆ ನಗು ಬಂತು. ಎಷ್ಟು ಸಲೀಸು! ದಾರಿಯುದ್ದಕ್ಕೂ ಆ ಬಡಗಿಗೆ ಮನಸ್ಸಿನಲ್ಲೇ ನಾಲ್ಕು ಮಾತು ಆಡಿಕೊಂಡು ಬಂದಳು. ಕೋಣೆಗೆ ಬಂದು ಕ್ಯಾಮೆರಾವನ್ನು ಮೇಜಿನ ಮೇಲಿಟ್ಟಳು. ಗೆರೆ ಹಳದಿ, ಕಿಟಕಿಯ ಕಡೆಗೆ ಇಳಿಜಾರು. ಸರಿ, ಮುದುಕ ಹೇಳಿದ್ದೂ ಅದನ್ನೇ. ಎಷ್ಟು ಎತ್ತರಿಸಬೇಕು ಎಂದು ತಿಳಿಯಲು ಕ್ಯಾಮೆರಾವನ್ನು ಮೇಜಿನ ಕಾಲಿನ ಪಕ್ಕ, ನೆಲದ ಮೇಲಿಟ್ಟಳು. ಅಲ್ಲೂ ಹಳದಿ, ಅದೇ ಕಡೆಗೆ, ಅಷ್ಟೇ ಇಳಿಜಾರು.

ಬಾಗಿಲ ಬಳಿ ಇಟ್ಟಳು. ಹಳದಿ. ಕಿಟಕಿಯ ಕಟ್ಟೆಯ ಮೇಲಿಟ್ಟಳು. ಹಳದಿ. ಹೊರಗಿನ ಓಣಿಯಲ್ಲಿ, ಮೆಟ್ಟಿಲ ತಿರುವಿನಲ್ಲಿ, ಕೈತೊಳೆಯುವ ತೊಟ್ಟಿಯ ಅಂಚಿನಲ್ಲಿ ಇಟ್ಟು ನೋಡಿದಳು. ಎಲ್ಲ ಕಡೆಯೂ ಗೆರೆ ಹಳದಿಯಾಗಿ ಒಂದೇ ದಿಕ್ಕಿಗೆ ಬಾಗಿತ್ತು, ಪಕ್ಕದ ನಿವೇಶನದ ಕಡೆಗೆ. ಅಲ್ಲಿ ಎರಡು ತಿಂಗಳಿಂದ ಹೊಸ ಕಟ್ಟಡಕ್ಕೆ ಆಳವಾಗಿ ಪಾಯ ತೋಡುತ್ತಿದ್ದರು. ಗುಂಡಿಯಲ್ಲಿ ಒಸರುವ ನೀರನ್ನು ಪಂಪು ಹಗಲೆಲ್ಲ ಗೊರಗೊರ ಎನ್ನುತ್ತ ಹೊರಗೆ ಚೆಲ್ಲುತ್ತಿತ್ತು.

ಐದು ವಾರದಿಂದ ಅಕ್ಕ ತಾನೇ ಕೈಯಾರೆ ಒಂದು ವಾಲುತ್ತಿರುವ ನೆಲವನ್ನು ತೋರಿಸಿ 'ಇದೇ ಸಮ' ಎಂದು ಕ್ಯಾಮೆರಾಕ್ಕೆ ಕಲಿಸಿದ್ದಳು. ಅದು ನಂಬಿತ್ತು. ಅದಕ್ಕೇ ಕೋಣೆಯಲ್ಲಿ ಎಲ್ಲ ನೆಟ್ಟಗೆ, ಊರೆಲ್ಲ ಸೊಟ್ಟ. ಹಳೆಯ ಫೋಟೋಗಳನ್ನು ಪರದೆಯ ಮೇಲೆ ಒಂದೊಂದಾಗಿ ಸರಿಸಿದಳು. ವಸತಿಗೃಹದ ಮಂಚ ಒಂಚೂರು ವಾಲಿತ್ತು. ಕನ್ನಡಕದ ಕಪಾಟು ಅದಕ್ಕಿಂತ ಹೆಚ್ಚು ವಾಲಿತ್ತು. ಮೊನ್ನೆಯ ಸೋಫಾ ಎಲ್ಲಕ್ಕಿಂತ ಹೆಚ್ಚು. ವಾರದಿಂದ ವಾರಕ್ಕೆ ಕಟ್ಟಡ ಎಷ್ಟು ಓರೆಯಾಗಿದೆ ಎಂದು ಗಿರಾಕಿಗಳೇ ಫೋನು ಮಾಡಿ ಹೇಳಿದ್ದರು. ಅವಳು ಮೂಗು ಮುರಿದಿದ್ದಳು.

ಆಗ ಒಂದೊಂದಾಗಿ ನೆನಪಾದವು. ಬಾಗಿಲು ಹಿಡಿದುಕೊಳ್ಳುತ್ತಿದೆ ಎಂದು ಎರಡು ಸಲ ಹೆರೆಸಿದ್ದಳು. ಗಾಲಿ ಕುರ್ಚಿ ಎದ್ದ ತಕ್ಷಣ ಕಿಟಕಿಯ ಕಡೆ ಉರುಳಿ ಹೋಗುತ್ತಿತ್ತು, ಅದಕ್ಕೊಂದು ಇಟ್ಟಿಗೆ ಅಡ್ಡ ಇಟ್ಟಿದ್ದಳು. ಹಲ್ಲಿಗೆ ಹೆದರುವ ಹೆಂಗಸು ಇದಕ್ಕೆ ಹೆದರದೆ ಇಟ್ಟಿಗೆ ಇಟ್ಟಿದ್ದಳಲ್ಲ!

ಅಕ್ಕ ಕ್ಯಾಮೆರಾ ಎದೆಗವಚಿಕೊಂಡು ಕೆಳಗಿನ ಮಹಡಿಗೆ ಓಡಿದಳು.

ಹೊಲಿಗೆ ಮಿಷನ್ನುಗಳ ಸದ್ದಿನಲ್ಲಿ ಮಾತು ಕೇಳಿಸುವಂತಿರಲಿಲ್ಲ. ತಂಗಿ ಬಟ್ಟೆ ಕತ್ತರಿಸುವ ಮೇಜಿನ ಮುಂದೆ ನಿಂತು ಅಂಗಿಗಳ ಕಟ್ಟು ಎಣಿಸುತ್ತಿದ್ದಳು. ಅಕ್ಕ ಅವಳ ಕಿವಿಗೆ ಬಾಯಿಟ್ಟು ಹೇಳಿದಳು. ತಂಗಿ ಮುಖ ಗಂಟಿಕ್ಕಿ ಪೂರ್ತಿ ಕೇಳಿಸಿಕೊಂಡಳು.

"ಮತ್ತೆ ಶುರುವಾಯ್ತಾ ನಿಂದು?"

"ನಿನ್ನಾಣೆ ಕಣೇ. ಇಲ್ಲಿ ನೋಡು, ಗೆರೆ ನೋಡು."

"ಈ ಕ್ಯಾಮೆರಾ ಕೆಟ್ಟಿದೆ ಅಂತ ಒಂದು ತಿಂಗಳಿಂದ ನನ್ನ ತಲೆ ತಿಂದಿದ್ದು ಯಾರು? ಈಗ ಕ್ಯಾಮೆರಾ ಸರಿಯಾಗಿದೆ, ಕಟ್ಟಡ ಕೆಟ್ಟಿದೆ, ಅಲ್ವಾ?"

ಸುತ್ತಲಿನ ಮೂರು ನಾಲ್ಕು ಹೆಂಗಸರು ಕಿಸಕ್ಕೆಂದರು. ತಂಗಿ ಅಕ್ಕನ ತೋಳು ಹಿಡಿದು ಬಾಗಿಲಿನಾಚೆ ಎಳೆದುಕೊಂಡು ಹೋದಳು. ಅಲ್ಲಿ ಅವಳ ದನಿ ಇಳಿಯಿತು, ಅದಕ್ಕೇ ಇನ್ನಷ್ಟು ಚುಚ್ಚಿತು.

"ನಾಲ್ಕು ತಿಂಗಳ ಹಿಂದೆ ಇಸ್ತ್ರಿ ಪೆಟ್ಟಿಗೆ ಹಬೆ ನೋಡಿ ಬೆಂಕಿ ಬೆಂಕಿ ಅಂತ ಕೂಗ್ದೆ. ಇಷ್ಟು ಜನ ಬಿದ್ದಂಬೀಳ ಓಡಿದ್ರು. ಒಬ್ಬಳ ಕಾಲು ಉಳುಕ್ತು. ಮಾಲೀಕರು ನನ್ನ ಎಲ್ಲರೆದುರು ನಿಲ್ಲಿಸಿ ಬೈದ್ರು. ಅದು ಬಿಡು, ಬೈಸ್ಕೊಂಡೆ. ಆದ್ರೆ ನೀನು ನನ್ನ ಬಾಗಿಲ ಮುಂದೇನೇ ಹಾದು ಹೋದೆ. ನನ್ನ ಕಡೆ ತಿರುಗಿ ನೋಡ್ಲಿಲ್ಲ. ನಾನು ಕೆಳಗೆ ಬರೋ ಹೊತ್ತಿಗೆ ನೀನು ಬೀದಿ ಆಚೆ ನಿಂತಿದ್ದೆ."

ತಂಗಿ ಇದನ್ನು ನಾಲ್ಕು ತಿಂಗಳು ಹೊಟ್ಟೆಯಲ್ಲಿ ಇಟ್ಟುಕೊಂಡಿದ್ದಳೆಂದು ಅಕ್ಕನಿಗೆ ಗೊತ್ತೇ ಇರಲಿಲ್ಲ.

"ನಾಲ್ಕು ಗಂಟೆಗೆ ಲಾರಿ ಬರುತ್ತೆ. ನಿನ್ನ ದಮ್ಮಯ್ಯ, ಇವತ್ತೊಂದು ದಿನ ನನ್ನ ಬಿಟ್ಬಿಡು" ಎಂದು ತಂಗಿ ಒಳಗೆ ಹೋದಳು.

ಗಂಟೆ ಎರಡೂವರೆ. ಅಕ್ಕ ಮೆಟ್ಟಿಲಲ್ಲಿ ಒಬ್ಬಳೇ ನಿಂತಳು. ಕಾಲುಗಳು ತಮ್ಮಷ್ಟಕ್ಕೆ ತಾವೇ ಕೆಳಗಿಳಿಯತೊಡಗಿದವು. ಬೇಡವೆಂದರೂ ಇಳಿದವು. ನಾಚಿಕೆಯಿಂದ ಮುಖ ಸುಡುತ್ತಿದ್ದರೂ ಬೀದಿಗೆ ಬಂದು ಅದನ್ನು ದಾಟಿ ಎದುರಿನ ಔಷಧಿ ಅಂಗಡಿಯ ಜಗಲಿಗೆ ತಲುಪುವವರೆಗೂ ಅವು ನಿಲ್ಲಲಿಲ್ಲ. ನಗರಸಭೆಗೆ ಫೋನು ಮಾಡಿದಳು. ಅತ್ತಲಿನವನು ಸಮಾಧಾನವಾಗಿ ಕೇಳಿಸಿಕೊಂಡು, ಅರ್ಜಿ ಬರೆದು ಕೊಡಿ, ಇಂಜಿನಿಯರು ಸೋಮವಾರ ಸಿಗುತ್ತಾರೆ ಎಂದ.

ಬಿಸಿಲು ಚುರುಗುಡುತ್ತಿತ್ತು. ಪರದೆಯ ಮೇಲೆ ತನ್ನ ಮುಖವೇ ಕಂಡಿತು. ಅಕ್ಕ ಕ್ಯಾಮೆರಾವನ್ನು ಜಗಲಿಯ ಕಲ್ಲಿನ ಮೇಲೆ ಕೂರಿಸಿ ವ್ಯೂಫೈಂಡರಿಗೆ ಕಣ್ಣಿಟ್ಟಳು. ಗೆರೆ ಹಸಿರು. ಕಿಂಡಿಯೊಳಗೆ ಚೌಕುಳಿ ಗೆರೆಗಳನ್ನೂ ತರಿಸಿಕೊಂಡು ಅವುಗಳಲ್ಲಿ ಒಂದು ನಿಂತ ಗೆರೆಯನ್ನು ಕಟ್ಟಡದ ಗುಂಡಿಯಿಲ್ಲದ ಕಡೆಯ ಮೂಲೆಗೆ ಬುಡದಲ್ಲಿ ತಾಗಿಸಿದಳು. ಈಚೆ ಪಕ್ಕದ ಮನೆ ಗೆರೆಗೆ ನೆಟ್ಟಗಿತ್ತು. ಔಷಧಿ ಅಂಗಡಿಯ ಮುಂದಿನ ದೀಪದ ಕಂಬ ನೆಟ್ಟಗಿತ್ತು. ತಮ್ಮ ಕಟ್ಟಡದ ಮೂಲೆ ಮಾತ್ರ ಬುಡದಲ್ಲಿ ಗೆರೆ ಹಿಡಿದು, ಮೇಲೇರುತ್ತ ಏರುತ್ತ ಗೆರೆಯನ್ನು ಬಿಟ್ಟು ಗುಂಡಿಯ ಕಡೆ ಹೋಗಿತ್ತು. ಬರಿಗಣ್ಣಿಗೆ ಅದು ದಿನಾ ನೋಡುವ ಅದೇ ಹಳೆ ಕಟ್ಟಡ.

ಕ್ಯಾಮೆರಾ ಅಲುಗಿಸದೆ ಕಣ್ಣು ಕೀಳದೆ ನೋಡಿದಳು. ಹತ್ತು ನಿಮಿಷವಾಯಿತು. ಕಾಲುಗಂಟೆಯಾಯಿತು. ಮೇಲಿನ ತುದಿಗೂ ಗೆರೆಗೂ ನಡುವೆ ಮೊದಲು ಒಂದು ನೀರಿನ ಕೊಳವೆ ಕಾಣುತ್ತಿತ್ತು. ಈಗ ಕೊಳವೆಯ ಪಕ್ಕ ಆಕಾಶವೂ ಕಂಡಿತು, ದಾರದಷ್ಟು.

ಕಟ್ಟಡ ಈಗ, ಅವಳು ನೋಡುತ್ತಿರುವಾಗಲೇ ಸರಿಯುತ್ತಿತ್ತು.

ಕಿಂಡಿಯೊಳಗೆ ಎರಡನೆಯ ಮಹಡಿಯ ಕಿಟಕಿಯೂ ಬೀಳುತ್ತಿತ್ತು. ಅಲ್ಲಿ ತಂಗಿ ಬಂದು ನಿಂತಳು, ಬೆಳಕಿಗೆ ಒಂದು ಅಂಗಿ ಎತ್ತಿ ಹಿಡಿದು ಹೊಲಿಗೆ ಪರೀಕ್ಷಿಸಿದಳು, ತಲೆಯಾಡಿಸಿದಳು, ಒಳಗೆ ಹೋದಳು. ಕಿಂಡಿಯಲ್ಲಿ ಅವಳು ಹೆಬ್ಬೆರಳಿನಷ್ಟಿದ್ದಳು. ಅಕ್ಕ ಗಂಟಲು ಹರಿಯುವಂತೆ ಕೂಗಿದಳು. ಪಂಪಿನ ಸದ್ದು, ಮಿಷನ್ನಿನ ಸದ್ದು. ಫೋನು ಮಾಡಿದಳು. ತಂಗಿ ಕತ್ತರಿಸಿಬಿಟ್ಟಳು. ಮತ್ತೆ ಮಾಡಿದಳು. ಈ ಸಲ ಫೋನೇ ಆರಿಸಿದ್ದಳು.

ಅಕ್ಕನಿಗೆ ಧೈರ್ಯ ಬಂತು ಎಂದು ಹೇಳಿದರೆ ಅದು ಶುದ್ಧ ಸುಳ್ಳು. ಅವಳಿಗೆ ಧೈರ್ಯವೆಂಬುದು ಆ ಹೊತ್ತಿಗೂ ಬರಲಿಲ್ಲ, ಆಮೇಲೂ ಬರಲಿಲ್ಲ. ಬೀದಿ ದಾಟುವಾಗ ಎರಡು ಸಲ ಹಿಂದಕ್ಕೆ ತಿರುಗಿದಳು. ಗೋದಾಮಿನ ಕಾವಲುಗಾರನಿಗೆ "ಹೊರಗೆ ಹೋಗಣ್ಣ, ಆಚೆ ಹೋಗು" ಎಂದು ಎರಡು ಕೈಯಲ್ಲೂ ದಬ್ಬಿದಳು. ಅವನು ಬೆಪ್ಪಾಗಿ ನೋಡುತ್ತ ನಿಂತ. ಅವಳು ಮೆಟ್ಟಿಲ ಮುಂದೆ ನಿಂತು ಬಿಕ್ಕಿಬಿಕ್ಕಿ ಅತ್ತಳು. ಅಳುತ್ತಲೇ ಮೊದಲ ಮೆಟ್ಟಿಲ ಮೇಲೆ ಕಾಲಿಟ್ಟಳು.

ಗೋಡೆ ಮುಟ್ಟಲು ಹೆದರಿಕೆ, ಮುಟ್ಟದೆ ಹತ್ತಲು ಹೆದರಿಕೆ. ಮೊದಲನೆಯ ಮಹಡಿಯ ತಿರುವಿನಲ್ಲಿ ಮೇಲಿನಿಂದ ಸುಣ್ಣದ ಪುಡಿ ಭುಜದ ಮೇಲೆ ಸುರಿಯಿತು. ಬೀಗ ಹಾಕಿದ ಬಾಗಿಲಿನ ಹಿಂದೆ ಟಕ್ ಎಂದು ಏನೋ ಮುರಿದ ಸದ್ದಾಯಿತು. ಅಕ್ಕ ಅಲ್ಲೇ ಕುಕ್ಕರಿಸಿಬಿಟ್ಟಳು. ಎದ್ದು ನಿಲ್ಲಲಾಗದೆ ಮಿಕ್ಕ ಮೆಟ್ಟಿಲುಗಳನ್ನು ಮಗುವಿನಂತೆ ಅಂಬೆಗಾಲಿನಲ್ಲಿ ಹತ್ತಿದಳು.

ಅಕ್ಕ ಕಾರ್ಖಾನೆಯ ಬಾಗಿಲು ಹಿಡಿದು ಎದ್ದು ಒಳಗೆ ಬಂದದ್ದನ್ನು ಮೊದಲು ಕಂಡದ್ದು ಅಂಗಿಗೆ ಗುಂಡಿ ಹೊಲಿಯುವಾಕೆ. ಅವಳು ಪಕ್ಕದವಳಿಗೆ ತಿವಿದಳು. ತಂಗಿ ತಿರುಗಿ ನೋಡಿದಳು.

"ಏನೇ ಇದು! ಮತ್ತೆ ಯಾಕೆ ಬಂದೆ?"

"ನೀನು ಇಲ್ಲೇ ಇದ್ದೀಯಲ್ಲ, ಅದಕ್ಕೆ."

ಅಕ್ಕ ಕತ್ತರಿಸುವ ಮೇಜಿನ ಪಕ್ಕದ ಮುಕ್ಕಾಲಿಯ ಮೇಲೆ ಕುಸಿದು ಕೂತಳು. ಕೈಯಲ್ಲಿ ಕ್ಯಾಮೆರಾ ಇರಲಿಲ್ಲ, ಅದನ್ನು ಬೀದಿಯಾಚೆ ಬಿಟ್ಟು ಬಂದಿದ್ದಳು. ತೋರಿಸಲು ಗೆರೆಯಿಲ್ಲ, ಹಸಿರಿಲ್ಲ, ಹಳದಿಯಿಲ್ಲ. ಎರಡು ಕೈಯಲ್ಲೂ ಮುಕ್ಕಾಲಿಯ ಅಂಚನ್ನು ಬಿಗಿಯಾಗಿ ಹಿಡಿದುಕೊಂಡು ಕಣ್ಣು ಮುಚ್ಚಿದಳು. "ನೀನು ಬಾ ಅಂತ ನಾನು ಹೇಳಲ್ಲ ಕಣೇ. ನಿಂಗೆ ನಂಬಿಕೆ ಇಲ್ಲ. ನಿನ್ನ ಕೆಲಸ ಮುಗಿಸ್ಕೋ. ನೀನು ಏಳೋ ತನಕ ನಾನು ಇಲ್ಲೇ ಇರ್ತೀನಿ."

ತಂಗಿ ಅವಳನ್ನು ಮೇಲಿಂದ ಕೆಳಗೆ ನೋಡಿದಳು. ಅಕ್ಕನ ಮೊಣಕಾಲಿನ ಮೇಲೆ ಸುಣ್ಣ ಮೆತ್ತಿತ್ತು. ಮುಖದ ಮೇಲೆ ಕಣ್ಣೀರು, ಸುಣ್ಣ, ಬೆವರು ಒಂದಾಗಿದ್ದವು. ಹಲ್ಲು ಕಟಕಟ ಎನ್ನುತ್ತಿತ್ತು. ಈ ಅಕ್ಕನನ್ನು ತಂಗಿ ಹುಟ್ಟಿದಾಗಿನಿಂದ ಬಲ್ಲಳು. ಅಟ್ಟದ ಮೇಲಿನ ಆಟಿಕೆ ತಂದುಕೊಡು ಎಂದರೆ ಏಣಿಯ ಬುಡದಲ್ಲೇ ಅಳುತ್ತ ನಿಲ್ಲುತ್ತಿದ್ದ ಅಕ್ಕ. ಸುಳ್ಳು ಬೆಂಕಿಗೂ ತಿರುಗಿ ನೋಡದೆ ಓಡಿಹೋದ ಅಕ್ಕ. ಕಟ್ಟಡ ಬೀಳುತ್ತದೆ ಎಂದು ನಂಬಿದವಳು ಅವಳೊಬ್ಬಳೇ, ಒಳಗೆ ಬಂದವಳೂ ಅವಳೊಬ್ಬಳೇ.

ತಂಗಿಯ ಮುಖದ ಬಣ್ಣ ಇಳಿಯಿತು. ಗೋಡೆಯ ಬಳಿಗೆ ಹೋಗಿ ದೊಡ್ಡ ಸ್ವಿಚ್ಚನ್ನು ಕೆಳಗೆಳೆದಳು.

ನಲವತ್ತು ಮಿಷನ್ನುಗಳು ಒಟ್ಟಿಗೆ ನಿಂತವು. ಆ ಮೌನದಲ್ಲಿ ಎಲ್ಲರಿಗೂ ಕೇಳಿಸಿತು. ಗೋಡೆಯೊಳಗೆ ಎಲ್ಲೋ ಮರಳು ಸುರಿಯುವ ಸದ್ದು, ಸರಸರ, ನಿಲ್ಲದೆ. ಅದರ ಹಿಂದೆ ಹಲ್ಲು ಕಡಿದಂಥ ಇನ್ನೊಂದು ಸದ್ದು.

"ಎಲ್ಲಾರೂ ಏಳಿ. ಚೀಲ ಗೀಲ ಏನೂ ಬೇಡ. ಓಡಬೇಡಿ, ಗೋಡೆ ಪಕ್ಕ ಒಬ್ಬೊಬ್ಬರಾಗಿ ಇಳೀರಿ" ಎಂದಳು ತಂಗಿ. ಈ ಸಲ ಯಾರೂ ನಗಲಿಲ್ಲ. ನಲವತ್ತು ಜೊತೆ ಕಾಲುಗಳು ಮೆಟ್ಟಿಲಿಳಿಯುವಷ್ಟು ಹೊತ್ತೂ ಅವಳು ಬಾಗಿಲಲ್ಲಿ ನಿಂತು ಎಣಿಸಿದಳು. ಆಮೇಲೆ ಮುಕ್ಕಾಲಿಯ ಬಳಿ ಬಂದು ಅಕ್ಕನ ಕಂಕುಳಿಗೆ ಕೈ ಕೊಟ್ಟು ಎತ್ತಿದಳು. ಮೆಟ್ಟಿಲುಗಳಲ್ಲಿ ಅಕ್ಕನ ಕಾಲು ನೆಲ ಮುಟ್ಟಿದ್ದು ಕಡಿಮೆ, ತಂಗಿಯೇ ಅವಳನ್ನು ಹೊತ್ತಂತೆ ಇಳಿಸಿದಳು.

ಬೀದಿಯಾಚೆ ಜಗಲಿಯ ಮೇಲೆ ಹೆಂಗಸರೆಲ್ಲ ಒತ್ತಿಕೊಂಡು ನಿಂತಿದ್ದರು, ಕಾವಲುಗಾರನೂ ಅವರ ನಡುವೆ ಇದ್ದ. ಕಟ್ಟಡ ಬಿಸಿಲಲ್ಲಿ ಸುಮ್ಮನೆ ನಿಂತಿತ್ತು. ಗುಂಡಿಯ ಕೆಲಸದವರನ್ನೂ ಮೇಲೆ ಕರೆಸಿದ್ದಾಯಿತು. ಕಾಲುಗಂಟೆ ಕಳೆಯಿತು, ಏನೂ ಆಗಲಿಲ್ಲ. ಒಬ್ಬಿಬ್ಬರು ಗುಸುಗುಸು ಶುರುಮಾಡಿದರು. ಅಷ್ಟರಲ್ಲಿ ಮಾಲೀಕ ಕಾರಿನಿಂದಿಳಿದು ಕೂಗುತ್ತಲೇ ಬಂದ.

"ಲಾರಿ ಬರೋ ಹೊತ್ತಲ್ಲಿ ಇದೇನು ಜಾತ್ರೆ? ಮತ್ತೆ ಆ ಪುಕ್ಕಲಿ ಮಾತು ಕೇಳ್ಕೊಂಡು ಹೊರಗೆ ಬಂದ್ರಾ?"

"ಮಾತು ಕೇಳಿ ಬರ್ಲಿಲ್ಲ ಸಾರ್. ನಮ್ಮಕ್ಕ ಒಳಗೆ ಬಂದ್ಲು. ಅದಕ್ಕೇ ನಾವು ಹೊರಗೆ ಬಂದ್ವಿ" ಎಂದಳು ತಂಗಿ.

ಮಾಲೀಕನಿಗೆ ತಲೆಬುಡ ತಿಳಿಯಲಿಲ್ಲ. ಹೆಂಗಸರಿಗೆ ತಿಳಿಯಿತು. ಹೋಗಿ ಹೋಗಿ ಎಂದು ಅವನು ಕೈ ಬೀಸಿದರೂ ಒಬ್ಬಳೂ ಜಗಲಿಯಿಂದ ಕಾಲು ಕೆಳಗಿಡಲಿಲ್ಲ. ಅವನು ತಾನೇ ಹೋಗಿ ನೋಡುತ್ತೇನೆಂದು ಬೀದಿಗಿಳಿದು ನಾಲ್ಕು ಹೆಜ್ಜೆ ಇಟ್ಟಿದ್ದ.

ಮೊದಲು ಹೋದದ್ದು ಗುಂಡಿಯ ಕಡೆಯ ಮೂಲೆ. ಅದು ನಿಧಾನವಾಗಿ, ಮಂಡಿಯೂರಿದಂತೆ ಕುಸಿಯಿತು. ಅದರ ಹಿಂದೆಯೇ ಮಿಕ್ಕಿದ್ದೆಲ್ಲ ಒಟ್ಟಿಗೆ ಹೋಯಿತು. ಸದ್ದು ಹೊಟ್ಟೆಗೆ ಗುದ್ದಿದಂತೆ ಬಂತು. ಧೂಳು ಬೀದಿ ತುಂಬಿ, ಎದುರಿನವರ ಮುಖ ಎದುರಿನವರಿಗೆ ಕಾಣದಾಯಿತು. ಯಾರೋ ಚೀರುತ್ತಿದ್ದರು. ಮಾಲೀಕ ಬೀದಿಯ ನಡುವೆ ತಲೆ ಹಿಡಿದುಕೊಂಡು ಕೂತಿದ್ದ.

ಧೂಳಿನಲ್ಲಿ ತಂಗಿ ಒಬ್ಬೊಬ್ಬರನ್ನೂ ಮುಟ್ಟಿ ಮುಟ್ಟಿ ಎಣಿಸಿದಳು. ನಲವತ್ತು. ನಂಬಿಕೆಯಾಗದೆ ಇನ್ನೊಮ್ಮೆ ಎಣಿಸಿದಳು. ನಲವತ್ತು. ಮೂರನೆಯ ಸಲಕ್ಕೆ ಎಣಿಕೆ ತಪ್ಪಿತು. ಜಗಲಿಯ ಅಂಚಿನಲ್ಲಿ ಕೂತಿದ್ದ ಅಕ್ಕನ ಪಕ್ಕ ಬಂದು ಕೂತಳು.

"ನಾನು ಏಳದೇ ಇದ್ದಿದ್ರೆ ನಿಜವಾಗ್ಲೂ ಕೂತೇ ಇರ್ತಿದ್ದೆಯೇನೇ?"

ಅಕ್ಕ ಯೋಚಿಸಿದಳು. ಸುಳ್ಳು ಹೇಳಬಹುದಿತ್ತು. ಆ ಹೊತ್ತಿಗೆ ಯಾರೂ ಬೇಡ ಎನ್ನುತ್ತಿರಲಿಲ್ಲ.

"ಇನ್ನೇನು ಮಾಡ್ತಿದ್ದೆ? ಓಡೋಣ ಅಂತ ಮೂರು ಸಲ ಅಂದ್ಕೊಂಡೆ. ಮೊಣಕಾಲೇ ಕೇಳ್ಲಿಲ್ಲ."

ತಂಗಿ ನಕ್ಕಳು. ನಗುತ್ತ ನಗುತ್ತಲೇ ಅಕ್ಕನ ಸುಣ್ಣ ಮೆತ್ತಿದ ಭುಜಕ್ಕೆ ಮುಖ ಒತ್ತಿ ಗೊಳೋ ಎಂದು ಅತ್ತಳು. ಅಕ್ಕ ತಂಗಿಯ ತಲೆಯ ಮೇಲಿನ ಧೂಳು ಕೊಡವಿದಳು.